ಒಂದೇ ಖಾನೆ

ಒಂದೂರಿನಲ್ಲಿ ಒಬ್ಬ ರಾಜನಿದ್ದನಂತೆ. ತನ್ನ ದಂಡನಾಯಕನಿಗೆ ಎರಡು ವರ್ಷ ಪರದೇಶದ ಭಾಷೆ ಕಲಿಸಿ, ಆಮೇಲೆ ಅವನನ್ನು ಉಗ್ರಾಣ ಕಾಯಲು ನಿಲ್ಲಿಸಿದನಂತೆ. ಇದು ಅಜ್ಜಿ ಹೇಳಿದ ಕತೆಯಲ್ಲ. ನಿಗಡಿ ಊರಿನ ಝೆರಾಕ್ಸ್ ಅಂಗಡಿಯ ಸಾಲಿನಲ್ಲಿ, ತನ್ನ ಸರದಿಗೆ ಕಾಯುತ್ತಿದ್ದ ಸಿಂಧೂರಳ ಮುಂದೆ ನಿಂತಿದ್ದ ಗಂಡ ಹೆಂಡತಿ ಆಡಿಕೊಂಡದ್ದು.

"ಮತ್ತ ಮಿಲಿಟರಿ ಕ್ಯಾಂಟೀನೇನ್ರಿ, ಮೇಜರ್ ಸಾಹೇಬ್ರ?" ಹೆಂಡತಿ ಕೇಳಿದಳು.

"ಮತ್ತ ಕ್ಯಾಂಟೀನೇ. ಈ ಸಲ ರಾಜಸ್ಥಾನ."

"ಚೀನೀ ಭಾಷಾದಾಗ ಫಸ್ಟ್ ಬಂದವರು ಸೋಪು, ಬಿಸ್ಕೀಟು ನೋಡಕೋಬೇಕಾ? ನೀವು ಹೇಳಲಿಲ್ಲೇನು?"

"ಹೇಳಿದೆ. ಪೋಸ್ಟಿಂಗ್ ಹಾಕೋರ ಹಾಳ್ಯಾಗ ಕೋರ್ಸಿಗೆ ಒಂದೇ ಖಾನೆ ಅದ. ನನ್ನ ಹೆಸರಿನ ಮುಂದ 'ಎ' ಗ್ರೇಡ್ ಅಂತ ಬರದಾರ. ಏನು ಕಲ್ತಾನ ಅಂತ ಬರಿಯಾಕ ಜಾಗಾನ ಇಲ್ಲ."

"ಮತ್ತ ಗಡಿಯೊಳಗ ಚೀನಾದವರ ಜೋಡಿ ಮಾತಾಡಾಕ ಯಾರು ಹೋದ್ರು?"

"ನನ್ನ ದೋಸ್ತ. ಅವಂಗ ಟ್ಯಾಂಕ್ ರಿಪೇರಿ ಕಲಿಸಿದ್ರು. ನಮಸ್ಕಾರಕ್ಕ ಏನಂತಾರ ಅಂತ ನನಗ ಫೋನ್ ಮಾಡಿ ಕೇಳಿದ."

ಹೆಂಡತಿ ನಕ್ಕಳು. ಅವನು ನಗಲಿಲ್ಲ.

"ಮೂರನೇ ಪೋಸ್ಟಿಂಗೂ ಹಿಂಗ ಆದ್ರ ನೌಕರಿ ಬಿಡ್ತೀನಿ ಅಂತ ಮಾತು ಕೊಟ್ಟಿದ್ರಿ," ಎಂದಳು.

"ಹದಿನಾಲ್ಕು ವರ್ಷ ಆತು, ಸಪ್ನಾ. ಇದನ್ನ ಬಿಟ್ರ ನನಗ ಬ್ಯಾರೆ ಏನು ಬರ್ತದ?"

"ಬರೋದನ್ನೂ ಅವರು ಕೇಳಲಿಲ್ಲಲ್ರಿ."

ಅಂಗಡಿಯವನು ರಾಜೀನಾಮೆ ಪತ್ರದ ಐದು ಬಿಸಿ ಪ್ರತಿಗಳನ್ನು ಮುಂದಿಟ್ಟ. ಮೇಜರ್ ಜೇಬು ತಡಕಿ, ಹಿಂದಕ್ಕೆ ತಿರುಗಿ ಸಿಂಧೂರಳ ಪೆನ್ನು ಕೇಳಿ ಪಡೆದ. ಫ್ಯಾನಿನ ಗಾಳಿಗೆ ಹಾರದಂತೆ ಸಪ್ನಾ ಹಾಳೆಗಳನ್ನು ಒತ್ತಿ ಹಿಡಿದಳು. ನಾಲ್ಕಕ್ಕೆ ಸರಸರ ಸಹಿ ಬಿತ್ತು. ಐದನೆಯದರ ಮೇಲೆ ಅವನ ಕೈ ತುಸು ಹೊತ್ತು ನಿಂತು, ಆಮೇಲೆ ಬರೆಯಿತು.

"ಥ್ಯಾಂಕ್ಸ್ ರೀ," ಎಂದು ಪೆನ್ನು ಮರಳಿಸಿ ಅವನು ಹೆಂಡತಿಯ ಹಿಂದೆ ರಸ್ತೆಗಿಳಿದ.