ಪುಸ್ತಕದಲ್ಲಿಲ್ಲದ ತೋಟೆ

ಇಡಾಹೊದ ಕೋವಿ ಸಂತೆಯಲ್ಲಿ, ಕೋವಿ, ತೋಟೆಗಳ ಬಗೆಗಿನ ಹಳೇ ಪುಸ್ತಕ ಮಾರುವ ರಾಸ್ಕೋನ ಮೇಜಿನ ಮುಂದೆ ಮ್ಯಾಕ್ಸೀನ್ ಸರದಿಗೆ ಕಾಯುತ್ತಿದ್ದಳು. ಅವಳ ಮುಂದಿದ್ದ ಗಡ್ಡದ ಮುದುಕ ಕೋವಿ ಹಿಡಿದು ನಿಂತವನು ಜಾಗ ಬಿಡುವ ಹಾಗೆ ಕಾಣಲಿಲ್ಲ.

“ನಳಿಗೆ ಮೇಲೆ ‘ಹಾಲ್ವರ್ಸನ್’ ಅಂತ ಕೊರೆದಿದೆ ನೋಡು. ಈ ಹೆಸರಿನ ತೋಟೆ ಯಾವ ಪುಸ್ತಕದಲ್ಲಿದೆ?”

“ಮೂರು ಪುಸ್ತಕ ತಿರುವಿ ಹಾಕ್ದೆ, ಎಲ್ಲೂ ಇಲ್ಲ. ಹಾಲ್ವರ್ಸನ್ ನಿಂಗೇನಾಗ್ಬೇಕು?”

“ನಮ್ಮಪ್ಪ. ಅಂಗಡಿ ತೋಟೆಯ ಹಿತ್ತಾಳೆ ಚಿಪ್ಪನ್ನೇ ಈ ಕೋವಿಗಷ್ಟೇ ಹೊಂದೋ ಹಾಗೆ ಒತ್ತಿಕೊಂಡು, ಅದಕ್ಕೆ ತನ್ನ ಹೆಸರೇ ಇಟ್ಟಿದ್ದ.”

“ಮನೇಲಿ ಮಾಡಿದ್ದು ಪುಸ್ತಕಕ್ಕೆ ಹೇಗೆ ಬರುತ್ತೆ ಮಾರಾಯ? ಅಳತೆ ಬರೆದಿಟ್ಟಿಲ್ವಾ?”

“ಸಾಯುವಾಗ ಕೋವಿ ನಂಗೆ ಕೊಟ್ಟ. ಚಿಪ್ಪು ಒತ್ತೋ ಅಚ್ಚು, ಅಳತೆ ಚೀಟಿ ಎಲ್ಲಾ ತಮ್ಮನಿಗೆ.”

“ತಮ್ಮನ್ನೇ ಕೇಳು.”

“ಹನ್ನೊಂದು ವರ್ಷದಿಂದ ಮಾತಿಲ್ಲ. ಆ ಮೊಂಡನ್ನ ಕೇಳೋ ಬದಲು ಇದನ್ನ ಗೋಡೆಗೆ ನೇತುಹಾಕ್ತೀನಿ.”

ರಾಸ್ಕೋ ಪುಸ್ತಕ ಮುಚ್ಚಿದ.

“ಬೆಳಿಗ್ಗೆ ಒಬ್ಬ ಅಳತೆ ಚೀಟಿ ತಂದಿದ್ದ. ಹಾಲ್ವರ್ಸನ್ ತೋಟೆ ಹಾರಿಸೋಕೆ ಬೇರೆ ಕೋವಿ ಸಿಗುತ್ತಾ ಅಂದ. ಅಪ್ಪನ ಕೋವಿ ಅಣ್ಣನ ಹತ್ರ ಇದೆಯಂತೆ. ಅಣ್ಣನ್ನೇ ಕೇಳು ಅಂದ್ರೆ, ನಿನ್ನ ಹಾಗೇ ಮುಖ ಗಂಟು ಹಾಕ್ದ.”

“ಹೋದ್ನಾ?”

“ಅಗೋ, ಸೇಬಿನ ಪೈ ತಿಂಡಿ ಮಾರೋ ಅಂಗಡಿ ಮುಂದಿನ ಸಾಲಲ್ಲಿ ನಿಂತಿದ್ದಾನೆ.”

ಮುದುಕ ಆ ಕಡೆ ತಿರುಗಿ ನೋಡಿದ.

“ನಾನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ,” ಅಂದು ಕೋವಿ ಹೆಗಲಿಗೇರಿಸಿ ಆ ಸಾಲಿನ ಕಡೆಗೇ ನಡೆದ.

ಅವನ ಗಡ್ಡದಲ್ಲಿ ಆಗಲೇ ತಿಂದಿದ್ದ ಸೇಬಿನ ಪೈಯ ಪುಡಿ ಇನ್ನೂ ಅಂಟಿಕೊಂಡಿದ್ದದ್ದನ್ನು ಮ್ಯಾಕ್ಸೀನ್ ನೋಡಿದಳು.