ಎಡಗೆನ್ನೆಯ ಮಚ್ಚೆ

ಲಂಡನ್ನಿನ ಕರಕುಶಲ ಪ್ರದರ್ಶನದ ಹೊರಗೆ ಕುದುರೆ ಬಸ್ಸಿಗೆ ಕಾಯುತ್ತಿದ್ದ ಆಗ್ನೆಸ್ ಟರ್ವಿ ಕಿವಿ ಮುಚ್ಚಿಕೊಳ್ಳುವ ಪೈಕಿಯವಳಲ್ಲ. ಮುಂದೆ ನಿಂತಿದ್ದವರು ಗಂಡ ಹೆಂಡತಿ. ಒಳಗೆ ಜನ ಬಾಯಿಬಿಟ್ಟು ನೋಡುತ್ತಿದ್ದ ಚಿತ್ರದ ನೇಯ್ಗೆ ಆ ಗಂಡನದೇ. ಎರಡು ವರ್ಷದ ಕೆಲಸ; ಹೆಂಡತಿ ನೋಡಿದ್ದು ಇವತ್ತೇ.

“ದೇವದೂತೆ ಚೆನ್ನಾಗಿದ್ದಾಳೆ ಕಣ್ರೀ. ಎಲ್ಲೋ ನೋಡಿದ ಮುಖ.”

“ಸತ್ತೇಹೋಗಿದ್ದ ಹಳೇ ಕಲೆನ ಬದುಕಿಸ್ತಿದೀವಿ, ಟ್ಯಾಬಿತಾ. ಆ ಕಾಲದ ಮುಖಗಳೇ ಹಾಗೆ.”

“ಆ ಕಾಲದಲ್ಲೂ ನಮ್ಮ ಪಕ್ಕದ್ಮನೆ ರೋಸಿನಾ ಇದ್ಲಾ? ಕೆನ್ನೆ ಮಚ್ಚೆ ಸಮೇತ?”

“ಮಚ್ಚೆ ಅಲ್ಲ ಕಣೇ, ನೂಲಿನ ಗಂಟು.”

“ಎರಡು ವರ್ಷದಲ್ಲಿ ಒಂದೇ ಗಂಟು, ಅದೂ ಕೆನ್ನೆ ಮೇಲೇ. ಎಂಥಾ ಕೈಚಳಕ!”

“ನೀನೇ ಯೋಚ್ನೆ ಮಾಡು. ರೋಸಿನಾ ಮಚ್ಚೆ ಇರೋದು ಬಲಗೆನ್ನೇಲಿ. ದೇವದೂತೇದು ಎಡಗೆನ್ನೇಲಿ.”

ಗಂಡನನ್ನು ಕಂಡು ಆಗ್ನೆಸ್‌ಗೆ ಪಾಪ ಅನ್ನಿಸಿತು.

“ಬಟ್ಟೆ ಹಿಂದೆ ಕೂತು ನೇಯೋದು, ನಾವು ಎಡಕ್ಕೆ ಹಾಕಿದ್ದು ಮುಂದುಗಡೆ ಬಲಕ್ಕೆ ಬರತ್ತೆ ಅಂತ ದಿನಾ ಊಟದ ಹೊತ್ತಲ್ಲಿ ನನ್ನ ತಲೆ ತಿಂದೋರು ಯಾರ್ರೀ?”

ಗಂಡ ಟೋಪಿ ಸರಿಮಾಡಿಕೊಂಡ.

ಬಸ್ಸು ಬಂತು. ಅದರ ಮೇಲಿನ ಮಹಡಿಗೆ ಸೂರಿಲ್ಲ, ಮಳೆ ಜೋರಾಗಿತ್ತು. ಟ್ಯಾಬಿತಾ ಒಳಗೆ ಕೂತು ಪಕ್ಕದ ಜಾಗದಲ್ಲಿ ಬುಟ್ಟಿ ಇಟ್ಟಳು.

“ನೀವು ಮೇಲೆ ಹತ್ತಿ. ದೇವದೂತೆಯರು ಇರೋದು ಅಲ್ಲೇ.”