ಗುಡುಗನ ಬಾಯಿಗೆ ಯಾರ ಕೈ

ನಿಂತವರು ಕೂಡ್ರಿ, ಕೂತವರು ಕಾಲು ಚಾಚ್ರಿ. ಇವತ್ತಿನ ಕಥಿಯೊಳಗ ನಿಲ್ಲೂದು ನಾಯಿ ಕೆಲಸ, ನಿಮ್ಮದಲ್ಲ. ಯಾರರೆ ಒಬ್ಬರು ಹೂಂ ಅಂತಿರ್ರಿ, ಇಲ್ಲಾಂದ್ರ ನನ್ನ ಕಥಿ ಮಲ್ಕೊಂಡು ಬಿಡತೈತಿ.

ಯಾವ ದೇಶವೋ, ಯಾವ ಕಾಲವೋ, ಒಂದು ಹೊಳಿ. ಈಚಿ ದಂಡಿಗೆ ಕುರಿಗಾರರ ಹಟ್ಟಿ, ಆಚಿ ದಂಡಿಗೆ ಹಸರು ಹುಲ್ಲು. ಆ ಹಟ್ಟ್ಯಾಗ ಮಾಳವ್ವ ಅಂತ ಒಬ್ಬಾಕಿ, ಆಕಿ ಗಂಡ ಲಕ್ಕಪ್ಪ. ಮಕ್ಕಳಿರಲಿಲ್ಲ. ಮಗನ ಹಂಗ ಸಾಕಿದ್ದು ಒಂದು ನಾಯಿ. ಹೆಸರು ಗುಡುಗ. ತೋಳ ಬಂದ್ರ ಊರಾಚಿ ತನಕ ಅಟ್ಟಾಂವ. ಆದ್ರ ಕಿವಿ ಮುಟ್ಟಿದ್ರ? ಗುರ್ರ್! ಕಾಲು ಎತ್ತಿದ್ರ? ಗುರ್ರ್! ಬಾಯಿ ತಗಿ ಅಂದ್ರ? ನಾ ಹೇಳಬೇಕೇನು?

ಆ ಹಟ್ಟಿಯೊಳಗ ಒಂದು ಪದ್ಧತಿ ಇತ್ತು, ಕೇಳ್ರಿ. ವರ್ಷಾ ಮೇವಿಗೆ ಹೊಳಿ ದಾಟೂಕಿಂತ ಮೊದಲ ಹಿಂಡಿನ ಹಿರ್ಯಾ ಅಮೋಗೆಪ್ಪ ಒಂದೊಂದು ನಾಯಿಯ ಕಿವಿ ನೋಡಬೇಕು, ಪಾದ ನೋಡಬೇಕು, ಹಲ್ಲು ನೋಡಬೇಕು. ಗಾಯ ಆದ ನಾಯಿ, ಹಲ್ಲು ಮುರಿದ ನಾಯಿ ತೋಳದ ಮುಂದ ನಿಂತೀತೇನು? ನೋಡಗೊಡದ ನಾಯಿ ಈಚಿ ದಂಡ್ಯಾಗ ಉಳಿಯೂದು. ಹೋದ ವರ್ಷ ಗುಡುಗ ಮರಿ ಅಂತ ನೋಡದೇ ದಾಟಾಕ ಬಿಟ್ಟಿದ್ರು. ಈ ವರ್ಷ ಅಮೋಗೆಪ್ಪ ಮುಖ ಬಿಗಿದು ಹೇಳಿದ: "ಮಾಳವ್ವ, ಹುಣ್ಣಿಮಿಗೆ ಹೊರಡೂದು. ಅಷ್ಟರಾಗ ಸುಮ್ಮ ನಿಂತ್ರ ನಿನ್ನ ನಾಯಿ ಬರತೈತಿ. ಇಲ್ಲಾಂದ್ರ ಇಲ್ಲೇ."

ಮಾಳವ್ವ ಗಂಡನ ಮುಖ ನೋಡಿದ್ಳು.

ಲಕ್ಕಪ್ಪ ಮೀಸಿ ತಿರುವಿದ. "ಇದೇನು ದೊಡ್ಡ ಮಾತಲೇ? ಸಾವಿರ ಕುರಿ ತುಪ್ಪಟ ಕತ್ತರಿಸೇನಿ." ಕುರಿ ಹ್ಯಾಂಗ ಕತ್ತರಸ್ತಾರ? ಕಾಲು ಎಳೀತಾರ, ಕೆಡವತಾರ, ಕಟ್ಟತಾರ. ನಾಯಿಗೂ ಅದನ್ನ ಮಾಡಾಕ ಹೋದ, ಪುಣ್ಯಾತ್ಮ.

ಮೊದಲನೇ ದಿನ ಒಬ್ಬನೇ ಹೋದ. ಧೋತರ ಹರೀತು. ಎರಡನೇ ದಿನ ಗೆಳೆಯನ್ನ ಕರ್ಕೊಂಡು ಹೋದ. ಇಬ್ಬರದೂ ಹರೀತು. ಮೂರನೇ ದಿನ ನಾಕು ಮಂದಿ ಕೂಡಿ ಮ್ಯಾಲೆ ಕಂಬಳಿ ಒಗೆದು, ಒಳಗ ಒದ್ದಾಡೂ ಕಾಲು ಬಿಗಿಯಾಗಿ ಕಟ್ಟಿದ್ರು. ಕಂಬಳಿ ಸರಿಸಿ ನೋಡ್ತಾರ, ಕಟ್ಟಿದ್ದು ಲಕ್ಕಪ್ಪನ ಕಾಲು! ಗುಡುಗ ಬಣವಿ ಮ್ಯಾಲೆ.

ನಗಬ್ಯಾಡ್ರಿ. ಅವತ್ತಿನಿಂದ ಗುಡುಗ ಮಾಳವ್ವನ ಕೈ ಕಂಡ್ರೂ ಹಿಂದ ಸರದ. ಆಕಿ ಒಲಿ ಮುಂದ ಕುಂತು ಬಿಕ್ಕಿ ಬಿಕ್ಕಿ ಅತ್ಳು. ಆಮ್ಯಾಲೆ ಕಣ್ಣೊರಸಿಕೊಂಡು ಗಂಡಗ ಅಂದ್ಳು: "ಕುರಿ ಕೆಡವಿದ್ರ ಸುಮ್ಮ ಬೀಳತೈತಿ. ನಾಯಿ ಕೆಡವಿದ್ರ ಜಗಳಕ್ಕ ಬಂದ್ರು ಅಂತ ತಿಳೀತೈತಿ. ಇನ್ನ ನೀವು ದೂರ ಕೂಡ್ರಿ."

ಒಂದು ರೊಟ್ಟಿ ಚೂರು ಚೂರು ಮಾಡಿದ್ಳು. ಹಗ್ಗಿಲ್ಲ, ಬಡಿಗಿಲ್ಲ. "ನಿಲ್ಲು" ಅಂದ್ಳು, ಹೆಗಲಿಗೆ ಕೈ ತಾಗಿಸಿದ್ಳು, ತಗದ್ಳು, ಚೂರು ಕೊಟ್ಳು. ಅಷ್ಟೇ! ಗುಡುಗ ಎದ್ದು ಹೋದ್ರ ಹೋಗ್ಲಿ. ಹೋದವಗ ರೊಟ್ಟಿಲ್ಲ. ಮರುದಿನ ಕಿವಿ. ಗುರ್ರ್ ಅಂದ್ರ ಬೈಲಿಲ್ಲ, ತಿರುಗಿ ಹೆಗಲಿಗೇ ಬಂದ್ಳು. ಆಮ್ಯಾಲೆ ಪಾದ. ಆಮ್ಯಾಲೆ ತುಟಿ. ಒಂದು ಉಸಿರು ನಿಂತಾಂವ ಮೂರು ಉಸಿರು ನಿಂತ, ಹತ್ತು ಉಸಿರು ನಿಂತ. ಕಡೀಕ ಲಕ್ಕಪ್ಪನ ಕೈಗೂ ನಿಂತ. ಹನಿ ಹನಿ ಕೂಡಿದ್ರ ಹಳ್ಳ ಅಂತಾರಲ್ಲ, ಸುಳ್ಳಲ್ಲ.

ಹುಣ್ಣಿಮಿ ಮುಂಜಾನಿ. ಅಮೋಗೆಪ್ಪ ಬಂದ. "ಹಿಡೀರಿ ನಾಕು ಮಂದಿ! ತರ್ರಿ ಕಂಬಳಿ!"

"ಬ್ಯಾಡ ಮಾವಾ," ಅಂದ್ಳು ಮಾಳವ್ವ. "ಹಂಗೇ ನೋಡ್ರಿ. ಗುಡುಗಾ, ನಿಲ್ಲು."

ಗುಡುಗ ನಿಂತ. ಆಕಿ ತುಟಿ ಎತ್ತಿದ್ಳು. ಹಲ್ಲು ಫಳಫಳ! ಅಮೋಗೆಪ್ಪ ಒಂದು ಹೆಜ್ಜಿ ಮುಂದ ಬಂದ. ಎರಡು ಹೆಜ್ಜಿ ಹಿಂದ ಹೋದ.

"ಇದರ... ಇದರ ಕಣ್ಣು ಸರಿ ಇಲ್ಲ. ಇಲ್ಲೇ ಬಿಡ್ರಿ ಇದನ್ನ!"

ಮಾಳವ್ವ ಇಷ್ಟು ದಿನ ಪಟ್ಟ ಪಾಡೆಲ್ಲಾ ನೀರಿನ ಪಾಲಾತಲ್ಲೋ ಅಂತ ಆತನ ಮುಖ ನೋಡಿದ್ಳು. ಆಮ್ಯಾಲೆ ಕೈ ನೋಡಿದ್ಳು. ಕೈ ಗಡಗಡ ನಡಗಾಕತ್ತಿತ್ತು! ಆಗ ಆಕಿಗೆ ತಿಳೀತು: ಇಷ್ಟು ವರ್ಷ ಕಂಬಳಿ ಒಳಗ ಕಟ್ಟಿ ಕೆಡವಿದ ನಾಯಿನ್ನ ದೂರದಿಂದ ನೋಡಿ "ಚಲೋ ಐತಿ" ಅಂದಾಂವನೇ ಹೊರತು, ಹಿರ್ಯಾ ಒಂದು ನಾಯಿನೂ ಮುಟ್ಟಿದಾಂವ ಅಲ್ಲ.

ಬ್ಯಾರೆ ಯಾರರೆ ಆಗಿದ್ರ ನಾಕು ಮಂದಿ ಮುಂದ ಆತನ ಮಾನ ಕಳೀತಿದ್ರು. ಮಾಳವ್ವ ಸೆರಗಿನ ಗಂಟು ಬಿಚ್ಚಿ ಬೆಲ್ಲ ತಗದ್ಳು.

"ಮಾವಾ, ಹಲ್ಲು ಆಮ್ಯಾಲೆ. ಹೆಗಲು ಮುಟ್ರಿ, ಸಾಕು."

ಮುಟ್ಟಿದ. ನಾಯಿಗೆ ರೊಟ್ಟಿ, ಹಿರ್ಯಾಗ ಬೆಲ್ಲ. "ಇನ್ನ ಪಾದ ಮಾವಾ." ಪಾದ ಹಿಡದ. ರೊಟ್ಟಿ, ಬೆಲ್ಲ. "ಇನ್ನ ಕಿವಿ." ಕಿವಿ ಮಡಚಿದ. ಒಳಗ ಕಡ್ಲಿಕಾಳಿನಷ್ಟು ಉಣ್ಣಿ ಹುಳ! ತಾನೇ ಕಿತ್ತು ಒಗದ. ಗುಡುಗ ಮಿಸುಕಲಿಲ್ಲ. ಕೇಳದೇನೇ ಹಿರ್ಯಾ ತುಟಿ ಎತ್ತಿದ, ಬಾಯಾಗ ಬೆರಳಿಟ್ಟು ಹಲ್ಲು ಎಣಿಸಿದ. ಗುಡುಗ ಆತನ ಮಣಿಕಟ್ಟು ನೆಕ್ಕಿದ.

ಅಮೋಗೆಪ್ಪನ ಕಣ್ಣಾಗ ನೀರು. "ಮೂವತ್ತು ವರ್ಷ ಹಿರೇತನ ಮಾಡೇನಿ, ಮಾಳವ್ವ. ನಾ ನೋಡಿದ ಮೊದಲನೇ ನಾಯಿ ಇದು. ಎಲ್ಲಾರಕಿಂತ ಮುಂದ ಇದ ದಾಟ್ಲಿ!"

ದಾಟಿತು. ಅವರು ಆಚಿ ದಂಡಿಗೆ, ನಾವು ಈಚಿ ದಂಡಿಗೆ. ಕಥಿ ನಡು ಹೊಳ್ಯಾಗ ತೇಲಿ ಹೋತು, ಹೂಂ ಅಂದವರ ಬಾಯಿಗೆ ಬೆಲ್ಲ ಬೀಳ್ಲಿ.